ಹೆಸರೇ ಕೇಳಿಲ್ಲವಲ್ಲ!

ಕೆ.ಆರ್. ಪುರದ ಕರೆಂಟು ಕಂಬಗಳಿಗೂ ಸಾಫ್ಟ್‌ವೇರ್ ಗೊತ್ತು. ಬಾಡಿಗೆ ಮನೆ, ಮೂಲವ್ಯಾಧಿ ಚಿಕಿತ್ಸೆಯ ಚೀಟಿಗಳ ಮಧ್ಯೆ ‘ಫುಲ್ ಸ್ಟ್ಯಾಕ್, ರಿಯಾಕ್ಟ್, ಕೆಲಸ ಗ್ಯಾರಂಟಿ’ ಎಂಬುದೂ ಒಂದು ಅಂಟಿಕೊಂಡಿರುತ್ತದೆ. ‘ಇಲ್ಲಿ ವೆಬ್.ಪೈ ಕಲಿಸಲಾಗುವುದು’ ಎಂಬ ಚೀಟಿ ಮಾತ್ರ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ವೆಬ್.ಪೈ ಎಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟು ಕಟ್ಟಲು ಬಳಸುವ ಒಂದು ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು.

ಇಂದಿರಾನಗರದ ಆಫೀಸಿನಲ್ಲಿ ಹೊಸ ಹುಡುಗನೊಬ್ಬ ಇಂಥ ಹೆಸರೆತ್ತಿದ ಅನ್ನಿ. ‘ಕೆಲಸ ಮಾಡುತ್ತಾ?’ ಎಂದು ಯಾರೂ ಕೇಳುವುದಿಲ್ಲ. ‘ಯಾರು ಬಳಸ್ತಿದ್ದಾರೆ?’ ಎಂಬುದು ಮೊದಲ ಪ್ರಶ್ನೆ. ‘ನಾಳೆ ನೀನು ಬಿಟ್ಟು ಹೋದರೆ ಜನ ಸಿಗ್ತಾರಾ?’ ಎಂಬುದು ಎರಡನೆಯದು. ಎರಡನೆಯದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹಳೇ ಸ್ಕೂಟರಿನ ಬಿಡಿಭಾಗ ಹುಡುಕಿಕೊಂಡು ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿದವರನ್ನು ಕೇಳಿ. ಅಂಗಡಿಯವನು ಕ್ಲಚ್ ಪ್ಲೇಟನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಮಸಿ ಒರೆಸಿ, ‘ಈ ಗಾಡಿ ಈಗೆಲ್ಲಿದೆ ಸಾರ್?’ ಎನ್ನುತ್ತಾನೆ. ಗಾಡಿ ಎಷ್ಟು ಚೆನ್ನಾಗಿದ್ದರೇನು, ಪಾರ್ಟು ಸಿಗಬೇಕಲ್ಲ.

ಆದರೆ ಪಾರ್ಟು ಸಿಗುವುದು ಹೆಸರಿನ ಬಲದಿಂದಲ್ಲ. ಗೂಗಲ್‌ನಂಥ ಗೂಗಲ್ಲಿನ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್‌ಗೂ 2021ರ ಕೊನೆಗೆ ಸಪೋರ್ಟ್ ನಿಂತಿತು. ಇತ್ತ ವೆಬ್.ಪೈ ನೋಡಿ. ಅದನ್ನು ಬರೆದ ಆರನ್ ಸ್ವಾರ್ಟ್ಜ್‌ಗೆ ಆಗಿನ್ನೂ ಹತ್ತೊಂಬತ್ತು. 2005ರ ಕೊನೆಯಲ್ಲಿ ರೆಡಿಟ್ ಲಿಸ್ಪ್ ಭಾಷೆ ಬಿಟ್ಟು ಪೈಥಾನಿಗೆ ಬಂದಾಗ ವೆಬ್.ಪೈ ಮೇಲೆಯೇ ನಿಂತಿತು. ಮುಂದೆ ರೆಡಿಟ್ ಪೈಲಾನ್ಸ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ಗೆ ವಲಸೆ ಹೋಯಿತು. 2013ರಲ್ಲಿ ಆರನ್ ತೀರಿಕೊಂಡ. ವೆಬ್.ಪೈ ಮಾತ್ರ ಉಳಿಯಿತು. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ನಮ್ಮ ಬೆಂಗಳೂರಿನ ಆನಂದ್ ಚಿಟಿಪೋತು. ಜಗತ್ತಿನ ಪುಸ್ತಕಗಳಿಗೆಲ್ಲ ಒಂದೊಂದು ಪುಟ ಕೊಡಲು ಹೊರಟ ಓಪನ್ ಲೈಬ್ರರಿಯನ್ನು ಕಟ್ಟಿದ್ದೂ ಅದರ ಮೇಲೆಯೇ. ಅಲ್ಲಿ ಪುಸ್ತಕ ಹುಡುಕುವ ಓದುಗನಿಗೆ ಕೆಳಗಿರುವುದು ಏನೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಇನ್ನು ಜನಪ್ರಿಯತೆ ಯಾರಿಗೆ ಯಾವಾಗ ಒಲಿಯುತ್ತದೋ ಹೇಳಬರುವುದಿಲ್ಲ. 2010ರ ಏಪ್ರಿಲ್ 1ರಂದು ಆರ್ಮಿನ್ ರೊನಾಖರ್ ಎಂಬ ಪ್ರೋಗ್ರಾಮರ್ ತಮಾಷೆಗೆಂದು ಒಂದು ಹುಸಿ ಫ್ರೇಮ್‌ವರ್ಕ್ ಹರಿಯಬಿಟ್ಟರು. ಜನ ಅದನ್ನು ನಿಜವೆಂದೇ ನಂಬಿ ಮೆಚ್ಚಿಕೊಂಡರು. ಆ ತಮಾಷೆಯಿಂದ ಹುಟ್ಟಿದ ಫ್ಲಾಸ್ಕ್ ಎಂಬ ನಿಜವಾದ ಫ್ರೇಮ್‌ವರ್ಕ್‌ಗೆ ಇವತ್ತು ಕೋರ್ಸುಗಳೂ ಉಂಟು, ಸರ್ಟಿಫಿಕೇಟುಗಳೂ ಉಂಟು.

ಹಾಗಾಗಿ ‘ಯಾರು ಬಳಸ್ತಿದ್ದಾರೆ?’ ಎನ್ನುವ ಬದಲು ‘ಯಾರು ನೋಡ್ಕೊಳ್ತಿದ್ದಾರೆ?’ ಎಂದು ಕೇಳುವುದು ಮೇಲು. ಇದು ಮ್ಯಾನೇಜರುಗಳಿಗೆ. ಹುಡುಗರು ಟ್ರೀಬೋದಿಂದ ಕಲಿಯಬಹುದು. ಬೆಂಗಳೂರಿನ ಈ ಹೋಟೆಲ್ ಕಂಪನಿ ಮೊಬೈಲಿನಲ್ಲಿ ತನ್ನ ಸೈಟು ಬೇಗ ತೆರೆಯಲೆಂದು 2017ರ ಹೊತ್ತಿಗೆ ರಿಯಾಕ್ಟ್ ಬದಲು ಪ್ರಿಯಾಕ್ಟ್ ಹಾಕಿತು. ಅದು ಮೂರ್ನಾಲ್ಕು ಕೆಬಿಯ ಪುಟಾಣಿ. ಬರೆಯುವ ಕ್ರಮವೆಲ್ಲ ರಿಯಾಕ್ಟಿನದೇ. ನೀವೂ ಹೆಸರು ಹೇಳುವ ಮೊದಲು ಓಡಿಸಿ ತೋರಿಸಿ. ಪುಟ ತಟ್ಟನೆ ತೆರೆದುಕೊಂಡ ಮೇಲೆ ಕುಲಗೋತ್ರ ವಿಚಾರಿಸುವವರು ಕಡಿಮೆ. ಅಷ್ಟಾಗಿಯೂ ಕೇಳಿದರೆ, ‘ರಿಯಾಕ್ಟ್ ತರಹದ್ದೇ ಸಾರ್’ ಅಂದುಬಿಡಿ.