ನಂಬರಿಲ್ಲದ ಕಂಬ

ನಮ್ಮ ಬಡಾವಣೆಯ ಬೀದಿಗಳೆಲ್ಲ ಎಲ್‌ಇಡಿ ಬಂದ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾದವು. ಮೂಲೆಯ ಒಂದು ಕಂಬ ಮಾತ್ರ ಇನ್ನೂ ಅರಿಶಿನ ಹಚ್ಚಿಕೊಂಡ ಮುತ್ತೈದೆಯಂತೆ ನಿಂತಿದೆ. ಹಳೆಯ ಸೋಡಿಯಂ ದೀಪ. ಹಳೆಯದನ್ನು ಉಳಿಸಿಕೊಳ್ಳುವುದು ಚಿತ್ರದುರ್ಗದವರಿಗೆ ಹೊಸತಲ್ಲ, ಏಳು ಸುತ್ತಿನ ಕೋಟೆಯನ್ನೇ ಇಟ್ಟುಕೊಂಡವರು ನಾವು. ಆದರೆ ಕೋಟೆ ಉಳಿದದ್ದು ಕಲ್ಲಿನ ಗಟ್ಟಿತನದಿಂದ. ಈ ದೀಪ ಉಳಿದದ್ದು ಕಂಬದ ನಂಬರು ಅಳಿಸಿಹೋದದ್ದರಿಂದ.

ದೀಪ ಬದಲಿಸಲು ಬಂದ ಗುತ್ತಿಗೆಯ ಹುಡುಗರ ಕೈಯಲ್ಲೊಂದು ಪಟ್ಟಿಯಿತ್ತು. ಕಂಬಕ್ಕೆ ಬಳಿದ ನಂಬರು ನೋಡುವುದು, ಏಣಿ ಹತ್ತುವುದು, ಹಳೆಯದನ್ನಿಳಿಸಿ ಹೊಸತು ಏರಿಸುವುದು. ನಮ್ಮ ಮೂಲೆಯ ಕಂಬಕ್ಕೆ ಎಮ್ಮೆಗಳು ಮೈ ಉಜ್ಜಿ, ಟ್ಯೂಷನ್ನಿನವರು ಚೀಟಿ ಅಂಟಿಸಿ, ನಂಬರಿನ ಗುರುತೂ ಉಳಿದಿರಲಿಲ್ಲ.

“ಲಿಸ್ಟಲ್ಲಿ ಇಲ್ಲ ಸಾರ್.”

“ಇಲ್ಲೇ ಇದೆಯಲ್ಲಪ್ಪ!” ಎಂದು ಕಂಬವನ್ನು ತಟ್ಟಿ ತೋರಿಸಿದೆ. ಹುಡುಗ ನನ್ನನ್ನು ಕನಿಕರದಿಂದ ನೋಡಿದ. ಲಿಸ್ಟಿನಲ್ಲಿಲ್ಲದ ಕಂಬ ಕಣ್ಣಿಗೆ ಬಿದ್ದರೆ ಅದು ಕಣ್ಣಿನ ದೋಷ. ದೂರು ಕೊಡೋಣವೆಂದು ಫೋನು ಮಾಡಿದರೆ ಮೊದಲ ಪ್ರಶ್ನೆಯೇ, “ಕಂಬದ ನಂಬರ್ ಹೇಳಿ.”

ಎಲ್‌ಇಡಿಗೆ ಸ್ವಿಚ್ಚು ಹಾಕಿದರೆ ಸಾಕು, ತಟ್ಟನೆ ಹಗಲು. ಸೋಡಿಯಮ್ಮಿಗೆ ಆ ಅವಸರವಿಲ್ಲ. ಮೊದಲು ನಾಚಿಕೊಂಡ ಹಾಗೆ ಮಬ್ಬು ಗುಲಾಬಿ. ಒಳಗಿನ ಸೋಡಿಯಂ ಕಾದು ಆವಿಯಾದಂತೆಲ್ಲ ಕಿತ್ತಳೆ. ನಾಲ್ಕೈದು ನಿಮಿಷಕ್ಕೆ ಪೂರಾ ಹೊಂಬಣ್ಣ. ಕರೆಂಟು ಕಣ್ಣು ಮಿಟುಕಿಸಿದರೂ ಆರಿ, ತಣ್ಣಗಾಗಿ, ಮತ್ತೆ ಮೊದಲಿಂದ ಶುರು. ಬಿಳಿ ಬೀದಿಯವರು ನಗುತ್ತಾರೆ, ನಗಲಿ. ಹಿರಿಯೂರಿನ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಕಾದ ಜಿಲ್ಲೆಯವರಿಗೆ ಐದು ನಿಮಿಷ ಯಾವ ಲೆಕ್ಕ?

ಈಚೆಗೆ ಅದಕ್ಕೊಂದು ಚಾಳಿ ಹತ್ತಿದೆ. ಚೆನ್ನಾಗಿ ಉರಿಯುತ್ತಿರುವಾಗಲೇ ಪಕ್ಕನೆ ಆರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಹೊತ್ತಿಕೊಳ್ಳುತ್ತದೆ. ಎದುರುಮನೆಯ ಅಜ್ಜಿ “ಗಾಳಿ ಸೋಕಿದೆ” ಎಂದು ನಿಂಬೆಹಣ್ಣು ತಂದರು. ಪಕ್ಕದ ಬೀದಿಯ ನಿವೃತ್ತ ಲೈನ್‌ಮ್ಯಾನ್ ಬೇರೆ ಕಾರಣ ಹೇಳಿದರು: ಬಲ್ಬಿಗೆ ವಯಸ್ಸಾದಂತೆ ಅದು ಹೆಚ್ಚು ಹೆಚ್ಚು ವೋಲ್ಟೇಜು ಬೇಡುತ್ತದಂತೆ. ಅಷ್ಟು ಕೊಡಲು ಚೋಕಿನ ಕೈಲಾಗದೆ ದೀಪ ಆರುತ್ತದೆ. ತಣಿದ ಮೇಲೆ ಇಗ್ನೈಟರ್ ಸಾವಿರಾರು ವೋಲ್ಟಿನ ಏಟು ಹಾಕಿ ಎಬ್ಬಿಸುತ್ತದೆ. “ನಿಮ್ಮ ಹಾಗೇ ಸಾರ್. ಪೇಪರ್ ಹಿಡ್ಕಂಡು ತೂಕಡಿಸ್ತೀರಿ, ಒಳಗಿಂದ ಕೂಗಿದ್ರೆ ಎಚ್ಚರ.” ನಮ್ಮ ಮನೆಯ ಇಗ್ನೈಟರ್ ವಿಷಯ ಇವರಿಗೆ ಯಾರು ಹೇಳಿದರೋ!

ಬಣ್ಣದ ವಿಷಯದಲ್ಲಿ ಮಾತ್ರ ಅದರ ಸಾಕ್ಷಿ ನಂಬುವ ಹಾಗಿಲ್ಲ. ಅದರಡಿ ನಿಂತರೆ ನೀಲಿ ಸೀರೆಯೂ ಕಪ್ಪು. ಎಲ್‌ಇಡಿಯಲ್ಲಿ ತಲೆಯ ಬಿಳಿಕೂದಲು ಒಂದೊಂದೂ ಎಣಿಕೆಗೆ ಸಿಗುತ್ತದೆ, ಇಲ್ಲಿ ಎಲ್ಲರದೂ ಹೊಂಗೂದಲು. ನಿವೃತ್ತರ ಹರಟೆ ಪಾರ್ಕಿನಿಂದ ಈ ಕಂಬದ ಬುಡಕ್ಕೆ ಬಂದದ್ದು ಅದಕ್ಕೇ ಇರಬೇಕು. ಗಾಳಿಗೆ ಎನ್ನುತ್ತಾರೆ ಅವರು. ಒಬ್ಬರು ಶಿವನಸಮುದ್ರದ ಕರೆಂಟಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಹೊತ್ತಿದ್ದನ್ನು, ತಾವೇ ಸ್ವಿಚ್ಚು ಒತ್ತಿದವರಂತೆ ವರ್ಣಿಸುತ್ತಾರೆ. ಮತ್ತೊಬ್ಬರು ಬಿಡುವುದಿಲ್ಲ: “ಬೆಂಗಳೂರಿನ ಮಾತು ಬಿಡ್ರಿ. ನಮ್ಮ ಕೋಟೇಲಿ ಎಣ್ಣೆಕೊಳಾನೇ ಇತ್ತು!” ಜಗಳ ಕಾವೇರುವ ಹೊತ್ತಿಗೆ ದೀಪ ಆರುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ. ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿಯ ಸದ್ದಷ್ಟೇ. ಕಂಬ ಗುಲಾಬಿಯಾಗುತ್ತಿದ್ದಂತೆ ಎಣ್ಣೆಕೊಳದಿಂದಲೇ ಮಾತು ಮುಂದುವರಿಯುತ್ತದೆ.

ಮೊನ್ನೆ ಸಂಜೆ ಅದೇ ಹುಡುಗ ಬೈಕಿನಲ್ಲಿ ಬಂದ. “ಸಾರ್, ಇಲ್ಲೊಂದು ಹಳೇ ಸೋಡಿಯಂ ಕಂಬ ಉಳಿದಿದೆಯಂತಲ್ಲ, ಎಲ್ಲಿ?”

ಕಂಬಕ್ಕೆ ಒರಗಿ ನಿಂತಿದ್ದ ನಾನು ಕೇಳಿದೆ, “ಲಿಸ್ಟಲ್ಲಿದೆಯಾ?”

“ಇಲ್ಲ.”

“ಮತ್ತೆ?”

ಅಷ್ಟರಲ್ಲಿ ದೀಪವೂ ಪಕ್ಕನೆ ಆರಿತು.