ಪರದೆಯ ಮೇಲೆ ಹೋರಿ

ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗ ಕರ್ಚಿಕಾಯಿ ಮುಟ್ಟುವ ಮೊದಲು ಪ್ಲಗ್ ಪಾಯಿಂಟ್ ಹುಡುಕಿದ. ಹಾನಗಲ್ಲ ತಾಲ್ಲೂಕಿನ ನಮ್ಮೂರ ಹೋರಿ ಹಬ್ಬ ಯೂಟ್ಯೂಬಿನಲ್ಲಿ ನೇರಪ್ರಸಾರ ಆಗಬೇಕು, ಪರದೆಯ ಮೇಲಿನ ಹೆಸರು, ಅಂಕಿ, ಪಟ್ಟಿ ಎಲ್ಲವನ್ನೂ ಯಂತ್ರವೇ ಬರೆಯಬೇಕು, ಮನುಷ್ಯರ ಬೆರಳು ಸೋಕಬಾರದು. ಇದು ಅವನ ಸಂಕಲ್ಪ.

"ಕ್ರಿಕೆಟಿಗೆ ಆಗೈತಿ, ಹೋರಿಗ್ಯಾಕ ಆಗಂಗಿಲ್ಲ ಮಾಮಾ?"

ಕ್ರಿಕೆಟಿಗೆ ಆಗಿದೆ, ನಿಜ. ಶಿಗ್ಗಾಂವಿಯ ಟೆನಿಸ್ ಬಾಲ್ ಟೂರ್ನಿಯಲ್ಲೂ ಈಗ ಸ್ಕೋರು ಬರೆಯುವ ಹುಡುಗ ಮೊಬೈಲಿನಲ್ಲಿ ನಾಲ್ಕು ಒತ್ತಿದರೆ ಸಾಕು, ರನ್ನು, ಓವರು, ರನ್‌ರೇಟು ತಾವಾಗಿಯೇ ಪರದೆಯ ತಳಕ್ಕೆ ಬಂದು ಕೂರುತ್ತವೆ. ಹುಡುಗ ಚಹಾಕ್ಕೆ ಎದ್ದು ಹೋದನೋ, ಬೌಲರ್ ಹತ್ತು ನಿಮಿಷ ಅದೇ ನಾಲ್ಕನೆಯ ಚೆಂಡನ್ನು ಎಸೆಯುತ್ತಿರುತ್ತಾನೆ. ಯಂತ್ರಕ್ಕೆ ಅನುಮಾನ ಬರುವುದಿಲ್ಲ. ನಾಚಿಕೆಯಂತೂ ಮೊದಲೇ ಇಲ್ಲ. 1992ರ ವಿಶ್ವಕಪ್ ಸೆಮಿಫೈನಲಿನಲ್ಲಿ ಮಳೆ ನಿಂತ ಮೇಲೆ ಸಿಡ್ನಿಯ ಸ್ಕೋರ್‌ಬೋರ್ಡು, ದಕ್ಷಿಣ ಆಫ್ರಿಕಕ್ಕೆ ಒಂದೇ ಚೆಂಡಿನಲ್ಲಿ 22 ರನ್ ಬೇಕು ಎಂದು ಗಂಭೀರವಾಗಿ ತೋರಿಸಿತು. ಅದೂ ತಪ್ಪು ಲೆಕ್ಕ. ಬೇಕಾದದ್ದು 21.

ಹೋರಿ ಹಬ್ಬಕ್ಕೆ ಓವರೂ ಇಲ್ಲ, ಇನಿಂಗ್ಸೂ ಇಲ್ಲ. ಕೊರಳಿಗೆ ಕೊಬ್ಬರಿ ಸರ, ಬೆನ್ನಿಗೆ ಝೂಲ, ಕೊಂಬಿಗೆ ರಿಬ್ಬನ್ನು, ಬಲೂನು, ಎಲ್ಲದರ ಮೇಲೊಂದು ಅಪ್ಪು ಫೋಟೋ ಹೊತ್ತು ಹೋರಿ ಅಖಾಡಕ್ಕೆ ನುಗ್ಗುತ್ತದೆ. ಕೊಬ್ಬರಿ ಹರಿದವನು ಶೂರ, ಹರಿಯಗೊಡದಿದ್ದರೆ ಹೋರಿ ಶೂರ. ಅಳಿಯನ ಕ್ಯಾಮೆರಾ ಮೊದಲ ಹೋರಿಯನ್ನು ಹೋರಿಯೆಂದೇ ಒಪ್ಪಲಿಲ್ಲ. ಬಲೂನೆಲ್ಲ ಒಡೆದ ಮೇಲೆ ಒಪ್ಪಿತು. ಅಷ್ಟರಲ್ಲಿ ಅದು ಅಖಾಡ ದಾಟಿ ಹಿರೇಕೆರೂರ ರಸ್ತೆ ಹಿಡಿದಿತ್ತು. ಮೈಕ್ ಹಿಡಿದ ನಮ್ಮೂರ ಹಿರಿಯರು ಮಾತ್ರ ಆ ಧೂಳಿನಲ್ಲೇ ಹೋರಿಯ ಹೆಸರು, ಊರು, ಮಾಲಕ, ಹೋದ ವರ್ಷ ಗೆದ್ದ ಬೈಕು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ಅವರಿಗೆ ಚಾರ್ಜರ್ ಬೇಡ, ಎರಡು ಸವಣೂರ ಎಲೆ ಇದ್ದರೆ ಸಂಜೆತನಕ ಓಡುತ್ತಾರೆ.

ಯಂತ್ರದ ಕೈಗೆ ಕೊಡದ ಕೆಲಸ ಒಂದೇ ಒಂದಿತ್ತು: ಮುಖಂಡರ ಫೋಟೋ ಜೋಡಿಸುವುದು. ಅದಕ್ಕೆ ಕಮಿಟಿಯವರೇ ಹಿಂದಿನ ರಾತ್ರಿ ಹನ್ನೊಂದರ ತನಕ ಕೂತಿದ್ದರು. ಹಾಲಿ ಇದ್ದಷ್ಟೇ ಅಗಲ ಮಾಜಿಯೂ ಇರಬೇಕು. ಟಿಕೆಟ್ ಆಕಾಂಕ್ಷಿ ಅರ್ಧ ಅಗಲಕ್ಕೆ ಒಪ್ಪಿದರು, ಆದರೆ ಮಿನುಗಬೇಕೆಂದರು. ಉಪಚುನಾವಣೆಗಳನ್ನು ಕಂಡ ಸೀಮೆ ನಮ್ಮದು, 2019ರಲ್ಲಿ ಹಿರೇಕೆರೂರು, 2021ರಲ್ಲಿ ಹಾನಗಲ್ಲು, 2024ರಲ್ಲಿ ಶಿಗ್ಗಾಂವಿ, ಆಕಾಂಕ್ಷಿಗಳಿಗೇನು ಬರವೇ? ಎಲ್ಲರನ್ನೂ ಕೂರಿಸಿದ ಮೇಲೆ ಹೋರಿ ಓಡಲು ಪರದೆಯ ನಡುವೆ ಒಂದು ಗೇಣು ಜಾಗ ಉಳಿಯಿತು.

ಅಳಿಯ ಹೆಮ್ಮೆಯಿಂದ ತನ್ನ ಕೋಷ್ಟಕ ತೋರಿಸಿದ. ಹೋರಿಯ ವೇಗ, ಉಳಿದ ಕೊಬ್ಬರಿ, ನೋಡುತ್ತಿರುವವರು, ಪ್ರಾಯೋಜಕರು.

"ತಿವಿಸಿಕೊಂಡೋರ ಲೆಕ್ಕ ಎಲ್ಲೈತೋ?"

"ಅದಕ್ಕ ಯಾರೂ ಸ್ಪಾನ್ಸರ್ ಬರಂಗಿಲ್ಲ ಮಾಮಾ."

ನಾನು ತಮಾಷೆಗೆ ಕೇಳಿರಲಿಲ್ಲ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಕನಿಷ್ಠ ಮೂವರು ಸತ್ತರು. ಹೋರಿ ಹಿಡಿಯುವ ಗೊಡವೆಗೇ ಹೋಗದವರೂ ಅವರಲ್ಲಿದ್ದರು. ಕಮಿಟಿಯ ಹಿರಿಯರೇ, ಮುಂದಿನ ಹಬ್ಬಕ್ಕೆ ಫೋಟೋ ಪಂಚಾಯಿತಿ ಒಂದು ತಾಸು ಬೇಗ ಮುಗಿಸಿ, ಅಖಾಡದ ಎರಡೂ ಬದಿಗೆ ಗಟ್ಟಿ ಬೇಲಿ ಹಾಕಿಸಿ. ಆ ಹಿರೇಕೆರೂರ ರಸ್ತೆಯ ಬಾಯಿಗೂ.