ನೀರು ಸಾಕುವ ಮೇಷ್ಟ್ರು

ಊರಿಗೊಬ್ಬರಾದರೂ ತಯಾರಿ ಮನುಷ್ಯರು ಇರುತ್ತಾರೆ. ಹತ್ತೂವರೆಯ ಬಸ್ಸಿಗೆ ಒಂಬತ್ತಕ್ಕೇ ಸ್ಟ್ಯಾಂಡಿನಲ್ಲಿ ನಿಂತು, ಬಸ್ಸು ಬಂದಾಗ ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ ಎಂದು ಲೆಕ್ಕ ಹಾಕುತ್ತ ಬಸ್ಸನ್ನೇ ಕಳೆದುಕೊಳ್ಳುವವರು. ಹೊಸ ಮನೆಯ ಗೋಡೆಗೆ ಕ್ಯೂರಿಂಗ್ ಎಂದು ನೀರು ಹಾಕುತ್ತಲೇ ಎರಡು ಮಳೆಗಾಲ ಕಳೆದು, ಆಮೇಲೆ ಗೃಹಪ್ರವೇಶಕ್ಕೆ ಪಂಚಾಂಗ ತೆಗೆಯುವವರು. ಹುಣಸೂರು ತಾಲ್ಲೂಕಿನ ನಮ್ಮ ಗುರುಪುರದ ಕಡೆ ಈ ಪಂಗಡಕ್ಕೆ ಹಿರಿಯರೆಂದರೆ ನಿವೃತ್ತ ವಿಜ್ಞಾನ ಮೇಷ್ಟ್ರು. ಅವರ ಮನೆಯ ಹಜಾರದಲ್ಲಿ ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿ ಇದೆ. ತೊಳೆದ ಮರಳಿದೆ, ಲಕ್ಷ್ಮಣತೀರ್ಥದ ದಡದಿಂದ ಆರಿಸಿ ತಂದು ಕುದಿಸಿದ ಕಲ್ಲುಗಳಿವೆ, ಮೂಲೆಯಲ್ಲಿ ಬುಳುಬುಳು ಗಾಳಿ ಬಿಡುವ ಸ್ಪಂಜಿನ ಫಿಲ್ಟರ್ ಇದೆ. ಮೀನೊಂದು ಇಲ್ಲ.

ಹೊಸದಾಗಿ ಬಂದವರು ಬಗ್ಗಿ ನೋಡುತ್ತಾರೆ. ಕಲ್ಲಿನ ಹಿಂದೆ ಅಡಗಿರಬೇಕೆಂದು ಗಾಜು ತಟ್ಟುತ್ತಾರೆ.

‘ಮೀನಿಲ್ಲ ಕಣಪ್ಪ. ನೀರು ಇನ್ನೂ ತಯಾರಾಗಿಲ್ಲ.’

‘ನೀರು ತಯಾರಾಗೋದು ಅಂದ್ರೇನು ಮೇಷ್ಟ್ರೇ? ಕೆರೇಲಿ ಯಾರು ತಯಾರು ಮಾಡಿದ್ರು?’

ಈ ಪ್ರಶ್ನೆಗೇ ಅವರು ಕಾದಿರುತ್ತಾರೆ. ಬಂದವನಿಗೆ ಕುರ್ಚಿ ಸಿಗುತ್ತದೆ, ಕಾಫಿ ಸಿಗುತ್ತದೆ, ಎದ್ದು ಹೋಗುವ ದಾರಿ ಮಾತ್ರ ಸಿಗುವುದಿಲ್ಲ. ಮೀನು ಕಿವಿರಿನಿಂದ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಬಿಟ್ಟ ಮೇವು ಕೊಳೆತರೂ ಅಮೋನಿಯಾ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗಿ, ನೀರಲ್ಲಿ ಆಮ್ಲಜನಕ ಇದ್ದರೂ ಅದು ಉಸಿರು ಕಟ್ಟಿ ಸಾಯುತ್ತದೆ. ಇನ್ನೊಂದು ಬಗೆಯದು ಬಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡಿದಾಗ ಮಾತ್ರ ಮೀನು ಬದುಕೀತು. ಕೆರೆಯಲ್ಲಿ ಈ ಸಂಸಾರ ಯಾವತ್ತೋ ನೆಲೆಯೂರಿರುತ್ತದೆ. ಹೊಸ ಗಾಜಿನ ತೊಟ್ಟಿಯಲ್ಲಿ ಅದು ಕೂಡಿಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಇಷ್ಟಕ್ಕೆ ನಿಂತರೆ ಅವರು ಮೇಷ್ಟ್ರು ಹೇಗಾದಾರು? ರಷ್ಯಾದ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ್ದರಿಂದ ಹಿಡಿದು 2015ಕ್ಕೆ ಬರುತ್ತಾರೆ. ಆ ವರ್ಷ, ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂದು ಗೊತ್ತಾಯಿತು. ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ. ‘ನಾನು ಪಾಠ ಮಾಡೋವಾಗ ಎರಡು ಹುದ್ದೆ ಇದ್ದವು. ಈಗ ಒಂದನ್ನು ರದ್ದು ಮಾಡಿದ್ದಾರೆ’ ಎಂದು ನಿಟ್ಟುಸಿರು ಬಿಡುತ್ತಾರೆ, ತಮ್ಮ ಶಾಲೆಯ ಹುದ್ದೆಯೇ ಹೋದಂತೆ.

ಪಕ್ಕದ ಮನೆಯ ಹೊಗೆಸೊಪ್ಪಿನ ರೈತ ಒಮ್ಮೆ ಇದನ್ನೆಲ್ಲ ಕೇಳಿ, ಲೋಟ ಕೆಳಗಿಟ್ಟು, ‘ಹಸಿ ಸಗಣಿ ಹಾಕುದ್ರೆ ಸಸಿ ಸುಟ್ಟೋಯ್ತದೆ, ತಿಪ್ಪೇಲಿ ಕಳಿತ ಗೊಬ್ರ ಆದ್ರೆ ಏನೂ ಆಗಲ್ಲ. ಅದೇ ತಾನೆ ನೀವ್ ಹೇಳೋದು?’ ಎಂದ. ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ, ಇವೇ ಬಗೆಯ ಬ್ಯಾಕ್ಟೀರಿಯಾಗಳದ್ದೇ. ತಾವು ಮುಕ್ಕಾಲು ಗಂಟೆಯಿಂದ ಹೇಳುತ್ತಿದ್ದದ್ದು ಒಂದೇ ಮಾತಿನಲ್ಲಿ ಮುಗಿದುಹೋಯಿತಲ್ಲ ಎಂದು ಮೇಷ್ಟ್ರು ಅವನೊಡನೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವನೋ ಹರಾಜಿಗೆ ಕಟ್ಟೆಮಳಲವಾಡಿಗೆ ಹೋಗುವಾಗಲೆಲ್ಲ ಜಗಲಿಯಿಂದಲೇ ಕೂಗುತ್ತಾನೆ: ‘ನೈಟ್ರೈಟ್ ಇವತ್ತೆಷ್ಟು ಮೇಷ್ಟ್ರೇ? ನಾವು ರೇಟು ಏರ್ಲಿ ಅಂತ ಕಾಯ್ತೀವಿ, ನೀವು ಇಳೀಲಿ ಅಂತ ಕಾಯ್ತೀರಿ. ಇಬ್ಬರ ಹಣೇಬರಾನೂ ಒಂದೇ.’

ಮೀನಿಲ್ಲದಿದ್ದರೆ ಅಮೋನಿಯಾ ಎಲ್ಲಿಂದ ಬರಬೇಕು? ಮೊದಲು ಹುಣಸೂರಿನ ಮೀನಂಗಡಿಯಿಂದ ಒಂದೇ ಒಂದು ಸೀಗಡಿ ತಂದರು. ಒಂದಕ್ಕೆ ದುಡ್ಡು ಹೇಗೆ ಕೇಳುವುದೆಂದು ತಿಳಿಯದೆ ಅಂಗಡಿಯವನು ಪುಕ್ಕಟೆ ಕೊಟ್ಟ. ಸೀಗಡಿ ತೊಟ್ಟಿಯಲ್ಲಿ ಕೊಳೆಯಿತು. ಹಜಾರ ನಾರಿತು. ಅಕ್ಕಪಕ್ಕದ ಬೆಕ್ಕುಗಳೆಲ್ಲ ಕಿಟಕಿಯಲ್ಲಿ ಸಭೆ ಸೇರಿದವು. ‘ಮೀನು ತರ್ತೀನಿ ಅಂತ ಹೋಗಿ ಹೆಣ ತಂದಿಟ್ಟಿದ್ದೀರಲ್ರೀ’ ಎಂದು ಮನೆಯಾಕೆ ಮೂರನೇ ದಿನ ಅದನ್ನು ಎತ್ತಿ ತೆಂಗಿನ ಬುಡಕ್ಕೆ ಎಸೆದರು. ಮೇಷ್ಟ್ರು ಅಲ್ಲಿಂದ ನೇರ ಗೊಬ್ಬರದ ಅಂಗಡಿಗೆ ನಡೆದು ಅಮೋನಿಯಂ ಸಲ್ಫೇಟ್ ಕೇಳಿದರು.

‘ಎಷ್ಟು ಎಕರೆಗೆ ಸಾರ್?’

‘ಎರಡೂವರೆ ಅಡಿಗೆ.’

ಐವತ್ತು ಕೆಜಿಯ ಮೂಟೆ ಬಿಚ್ಚುವುದಿಲ್ಲ ಎಂದ ಅಂಗಡಿಯವನು, ಕೊನೆಗೆ ಹರಿದ ಮೂಟೆಯೊಂದರಿಂದ ಚೆಲ್ಲಿದ್ದನ್ನು ಗುಡಿಸಿ ಪೊಟ್ಟಣ ಕಟ್ಟಿಕೊಟ್ಟ. ಆ ಪೊಟ್ಟಣ ಮೇಷ್ಟ್ರ ಉಳಿದ ಆಯುಷ್ಯಕ್ಕೆ ಸಾಕು. ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಆಗುವಷ್ಟನ್ನು ಅವರು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗುತ್ತಾರೆ.

ದಿನವೂ ಬೆಳಿಗ್ಗೆ ಪರೀಕ್ಷೆ. ಪುಟ್ಟ ಗಾಜಿನ ನಳಿಕೆಗೆ ನೀರು, ಅದಕ್ಕೆ ಎಣಿಸಿ ಹನಿಗಳು, ಆಮೇಲೆ ಬಣ್ಣದ ಚೀಟಿ ಹಿಡಿದು ಜಗಲಿಯ ಬೆಳಕಿಗೆ. ಅಮೋನಿಯಾ ಇದ್ದರೆ ಹಳದಿ ಹಸಿರಾಗುತ್ತದೆ. ನೈಟ್ರೈಟ್ ಇದ್ದರೆ ತಿಳಿನೀಲಿ ನೇರಳೆಯಾಗುತ್ತದೆ. ಹಾದಿಯಲ್ಲಿ ಹೋಗುವವರು ಇದನ್ನು ಕಂಡು ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಹಬ್ಬಿಸಿದರು. ಮದುವೆ ಮನೆಗಳಲ್ಲಿ ಅವರ ಎಲೆಗೆ ಹೋಳಿಗೆ ಬೀಳುವುದು ನಿಂತೇಹೋಯಿತು. ಬಣ್ಣದ ವಿಷಯದಲ್ಲಿ ಅವರ ಕಣ್ಣನ್ನೇ ಅವರು ನಂಬುವುದಿಲ್ಲ, ಮನೆಯಾಕೆಯನ್ನು ಕರೆಯುತ್ತಾರೆ. ನಾಲ್ಕು ದಶಕ ಸೀರೆ ಆರಿಸಿದ ಕಣ್ಣು ಅದು. ‘ಇದು ಗಿಳಿಹಸಿರಲ್ರೀ, ನಿಂಬೆಹಸಿರು’ ಎಂದು ಆಕೆ ಒಲೆಯ ಮುಂದಿನಿಂದ ಎದ್ದು ಬರದೆಯೇ ತೀರ್ಪು ಕೊಡುತ್ತಾರೆ. ಪುಸ್ತಕದಲ್ಲಿ ಅದೇ ಅಂಕಿ ದಾಖಲಾಗುತ್ತದೆ.

ಆ ಮನೆಯ ಬೋರ್‌ವೆಲ್ ನೀರು ಗಡಸು. ಬೇಳೆ ಬೇಯುವುದಿಲ್ಲ, ಹಂಡೆಯ ತಳದಲ್ಲಿ ಬೆರಳು ದಪ್ಪ ಬಿಳಿ ಹಕ್ಕಳೆ. ವರ್ಷಗಳಿಂದ ಬೈಸಿಕೊಂಡಿದ್ದ ಆ ನೀರಿಗೆ ಈಗ ಒಬ್ಬ ವಕೀಲ ಸಿಕ್ಕಿದ್ದಾನೆ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಡೆಯಲು ನೀರಲ್ಲಿ ಕಾರ್ಬೊನೇಟ್ ಇರಬೇಕು, ನಮ್ಮ ನೀರಲ್ಲಿ ಅದು ಧಾರಾಳ ಎಂದು ಮೇಷ್ಟ್ರು ಊಟದ ಹೊತ್ತಿಗೆ ವಿವರಿಸುತ್ತಾರೆ. ‘ಹಂಗಾದ್ರೆ ಇವತ್ತು ಸಾರು ನಿಮ್ಮ ಬ್ಯಾಕ್ಟೀರಿಯಾಕ್ಕೇ ಬಡಿಸ್ತೀನಿ’ ಎನ್ನುವುದು ಬೇಯದ ಬೇಳೆಯ ಮುಂದೆ ನಿಂತವರ ಉತ್ತರ.

ನಗುವುದು ಸುಲಭ. ಆದರೆ ಮೇಷ್ಟ್ರು ಹೇಳುವುದರಲ್ಲಿ ಒಂದಕ್ಷರ ತಪ್ಪಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆಂದು ತೊಟ್ಟಿಯನ್ನೂ ಚಿನ್ನದ ಮೀನನ್ನೂ ಒಂದೇ ಸಂಜೆ ಕೊಂಡು, ನಲ್ಲಿ ನೀರಿನ ಬ್ಲೀಚಿಂಗ್ ಪೌಡರ್ ವಾಸನೆ ಆರುವ ಮುಂಚೆಯೇ ಸುರಿದು, ಎರಡನೇ ವಾರ ಹಿತ್ತಲಲ್ಲಿ ಗುಂಡಿ ತೋಡುವ ಮನೆಗಳು ಎಷ್ಟಿಲ್ಲ? ದೃಷ್ಟಿ ತಾಗಿತು ಎನ್ನುತ್ತಾರೆ, ತೊಟ್ಟಿ ಇಟ್ಟ ಮೂಲೆ ವಾಸ್ತುವಿಗೆ ಆಗಲಿಲ್ಲ ಎನ್ನುತ್ತಾರೆ. ಮೇಷ್ಟ್ರ ತೊಟ್ಟಿಯಲ್ಲಿ ಇಲ್ಲಿಯವರೆಗೆ ಒಂದು ಮೀನೂ ಸತ್ತಿಲ್ಲ. ಈ ದಾಖಲೆಯನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಅವರ ತೊಟ್ಟಿಗೆ ಪೂರ್ತಿ ಮರ್ಯಾದೆ ಕೊಟ್ಟವರು ಒಬ್ಬರೇ, ಟಿಬೆಟನ್ ಕ್ಯಾಂಪಿನ ಅಜ್ಜಿ. 1972ರಲ್ಲಿ ಇಲ್ಲಿ ಕ್ಯಾಂಪು ಶುರುವಾದಾಗ ಹರೆಯದಲ್ಲಿ ಬಂದವರು. ಅವರ ಕನ್ನಡದಲ್ಲಿ ಹುಣಸೂರಿನ ರಾಗ ನಮಗಿಂತ ಗಟ್ಟಿ. ತಿಳಿನೀರು ತುಂಬಿದ ತೊಟ್ಟಿಯ ಮುಂದೆ ಅವರು ಕೈಜೋಡಿಸಿ ನಿಂತರು. ದೇವರ ಮುಂದೆ ನೀರು ಇಡುವುದು ಅವರ ನಿತ್ಯದ ಕ್ರಮ: ಬೆಳಿಗ್ಗೆ ಸಾಲಾಗಿ ಏಳು ಬಟ್ಟಲು ತುಂಬುವುದು, ಸಂಜೆ ಚೆಲ್ಲಿ ಬೋರಲು ಹಾಕುವುದು.

‘ಮೇಷ್ಟ್ರು ದೊಡ್ಡ ಬಟ್ಟಲೇ ಇಟ್ಟವ್ರೆ. ನಾವ್ ನೀರ್ ಯಾಕ್ ಇಡ್ತೀವಿ ಗೊತ್ತಾ? ಕೊಟ್ಟ ಮ್ಯಾಲೆ ಅದರ ಮ್ಯಾಲೆ ಆಸೆ ಉಳಿಯಲ್ಲ.’

ಮೇಷ್ಟ್ರು ಸ್ವಲ್ಪ ಯೋಚಿಸಿ, ‘ನಿಮ್ಮ ಬಟ್ಟಲಿಂದು ಪಿಎಚ್ ಎಷ್ಟು?’ ಎಂದು ಕೇಳಿದರು.

ಮಹಾನವಮಿಯ ಹೊತ್ತಿಗೆ ನೈಟ್ರೈಟ್ ಇಳಿಯತೊಡಗಿತ್ತು. ಇನ್ನೇನು ವಾರ ಎನ್ನುವಾಗ ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಟ್ರ್ಯಾಕ್ಟರ್, ಸೈಕಲ್, ಮಚ್ಚು, ಮಿಕ್ಸಿ ಒಂದೂ ಸ್ನಾನ ತಪ್ಪಿಸಿಕೊಳ್ಳುವಂತಿಲ್ಲ. ಮೈಸೂರಿನಿಂದ ಬಂದಿದ್ದ ಸೊಸೆ, ಮಾವನವರ ಕಣ್ಣಿಗೆ ಬೀಳಲಿ ಎಂದು ಫಿಲ್ಟರಿನ ಕಂದುಗಟ್ಟಿದ ಸ್ಪಂಜನ್ನು ಕಿತ್ತು ಸೋಪು ಹಾಕಿ ಪಂಚಾಯ್ತಿ ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆದಳು. ಹೊಚ್ಚ ಹೊಸದಾಯಿತು. ಮೇಲೆ ಕುಂಕುಮವಿಟ್ಟು, ಪಕ್ಕದಲ್ಲಿ ನಿಂಬೆಹಣ್ಣು ಕೊಯ್ದಿಟ್ಟಳು. ಮೇಷ್ಟ್ರು ತಿಂಗಳುಗಟ್ಟಲೆ ಸಾಕಿದ ಸಂಸಾರವೆಲ್ಲ ನೆಲೆಸಿದ್ದದ್ದು ನೀರಿನಲ್ಲಲ್ಲ, ಆ ಕಂದು ಕೊಳೆಯಲ್ಲಿ. ತೊಳೆಯಲೇಬೇಕಿದ್ದರೆ ತೊಟ್ಟಿಯದೇ ನೀರಲ್ಲಿ ಒಮ್ಮೆ ಹಿಂಡಿದ್ದರೆ ಸಾಕಿತ್ತು. ಸೊಸೆಯ ಮುಂದೆ ಅವರು ಒಂದು ಮಾತೂ ಆಡಲಿಲ್ಲ. ಪುಸ್ತಕದಲ್ಲಿ ಹೊಸ ಪುಟ ತೆಗೆದು ‘ದಿನ 1’ ಎಂದು ಬರೆದರು. ಆಗ ಅವರ ಮುಖದಲ್ಲಿ ದುಃಖಕ್ಕಿಂತ ಉತ್ಸಾಹವೇ ಹೆಚ್ಚಿತ್ತು ಎಂಬುದು ನನ್ನ ಗುಮಾನಿ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಕೆಂಪು. ಹಿಂದಿನ ದಿನ ಹಾಕಿದ್ದನ್ನೆಲ್ಲ ಬ್ಯಾಕ್ಟೀರಿಯಾ ಒಂದೇ ಹಗಲು ರಾತ್ರಿಯಲ್ಲಿ ಮುಗಿಸಿದ್ದವು. ಮೇಷ್ಟ್ರು ಮೂರು ಸಲ ಪರೀಕ್ಷಿಸಿದರು. ಅಷ್ಟರಲ್ಲಿ ಸುದ್ದಿ ಹರಡಿ ರೈತ, ಅಜ್ಜಿ, ಗೊಬ್ಬರದಂಗಡಿಯವನು ಎಲ್ಲ ಬಂದರು. ನೀರನ್ನು ಅರ್ಧಕ್ಕಿಂತ ಹೆಚ್ಚು ಬದಲಿಸಿ ನೈಟ್ರೇಟ್ ತಗ್ಗಿಸಿದ್ದಾಯಿತು. ಸಂಜೆ ಮೊಮ್ಮಗ ಹುಣಸೂರಿನಿಂದ ಆರು ಗಪ್ಪಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದ.

ಮೇಷ್ಟ್ರು ಚೀಲವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

‘ಅಂಗಡಿ ಮೀನನ್ನ ನೇರ ಇಳಿಸೋ ಹಾಗಿಲ್ಲ ಕಣೋ. ರೋಗ ಇದ್ದರೆ? ಮೊದಲು ಕೆಲವು ವಾರ ಕ್ವಾರಂಟೈನ್. ಅದಕ್ಕೆ ಬೇರೆ ತೊಟ್ಟಿ.’

‘ಆ ತೊಟ್ಟಿಗೂ ನೀರು ತಯಾರಾಗಬೇಕೇನ್ರೀ?’ ಒಳಗಿನಿಂದ ದನಿ ಬಂತು.

‘ಆಗಲೇಬೇಕಲ್ಲ.’

‘ತಾತ, ತಯಾರಾದ ಸ್ಪಂಜಲ್ಲಿ ಅರ್ಧ ಕತ್ತರಿಸಿ ಹೊಸ ತೊಟ್ಟಿಗೆ ಹಾಕಿದ್ರೆ ಕಾಯೋದೇ ಬೇಡ ಅಂತ ನೀನೇ ಹೇಳಿದ್ದೆ’ ಎಂದ ಮೊಮ್ಮಗ. ಪಕ್ಕದ ಮನೆಯ ರೈತ ಆಗಲೇ ಅಟ್ಟದಿಂದ ಹಳೆಯ ಗಾಜಿನ ಭರಣಿ ಇಳಿಸುತ್ತಿದ್ದ. ಮನೆಯಾಕೆ ಕತ್ತರಿ ಹಿಡಿದುಕೊಂಡೇ ಹೊರಬಂದರು.

ಮೇಷ್ಟ್ರು ಕತ್ತರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ತುಕ್ಕು ಹಿಡಿದಿದೆ’ ಎಂದರು. ‘ಸ್ಟೀಲಿಂದೇ ಆಗಬೇಕು. ಯಾವುದು ಒಳ್ಳೇದು ಅಂತ ಮೊದಲು ವಿಚಾರಿಸ್ತೀನಿ.’